ಮೊಣಕಾಲಿನ ಬಿಲ್ಲು

ಮಗನ ಅಥವಾ ಮಗಳ ಸಂಸಾರವು ಅಮೆರಿಕದಲ್ಲಿರುವ ಮನೆಗಳು ನಮ್ಮ ವಾಚಕರಲ್ಲಿ ಈಗ ಕಡಮೆಯಲ್ಲ. ಆಟದಲ್ಲಿ ಬಿದ್ದು ಮೊಣಕಾಲಿನ ಮೃದ್ವಸ್ಥಿ ಕಿತ್ತುಹೋಯಿತೆಂದೂ, ವೈದ್ಯರು ಜೀವಕೋಶಗಳನ್ನು ಬೆಳೆಸಿ ನೆಡುವರೆಂದೂ ಒಮ್ಮೊಮ್ಮೆ ಅಲ್ಲಿಂದ ಸಮಾಚಾರ ಬರುವುದುಂಟು. ಚಿಕಿತ್ಸೆಯನ್ನು ಕುರಿತು ಎಲ್ಲರೂ ವಿಚಾರಿಸುವರು. ಬಿಲ್ಲನ್ನು ಕುರಿತು ವಿಚಾರಿಸುವವರು ವಿರಳ. ಆದುದರಿಂದ ಅದನ್ನೇ ಇಲ್ಲಿ ಪ್ರಸ್ತಾಪಿಸುತ್ತೇವೆ.

ಎಲುಬಿನ ತುದಿಗೆ ನುಣುಪಾದ ಹೊದಿಕೆಯಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಗಾಯವಾದರೆ ಅದು ತಾನಾಗಿ ಕೂಡಿಕೊಳ್ಳುವುದು ದುರ್ಲಭ. ಸ್ವೀಡನ್ ದೇಶದ ಬ್ರಿಟ್‌ಬರ್ಗ್, ಪೀಟರ್ಸನ್ ಮೊದಲಾದ ವೈದ್ಯರು ರೋಗಿಯದೇ ಜೀವಕೋಶಗಳನ್ನು ಬೆಳೆಸಿ ಮೊಣಕಾಲಿಗೆ ನೆಟ್ಟು, 23 ಜನರ ವೃತ್ತಾಂತವನ್ನು 1994ರಲ್ಲಿ ಪ್ರಕಟಿಸಿದರು. ಜೀವಕೋಶಗಳನ್ನು ಪೊರೆಯೊಂದರ ಮೇಲೆ ಬೆಳೆಸಿದ 'ಮೇಸಿ' ಎಂಬುದಕ್ಕೆ ಅಮೆರಿಕದ ಔಷಧನಿಯಂತ್ರಣ ಖಾತೆಯು 2016ರಲ್ಲಿ ಒಪ್ಪಿಗೆಯಿತ್ತಿತು. ಆ ಪೊರೆಯು ಹಂದಿಯಿಂದ ಬಂದುದೆಂಬುದನ್ನು ಆಚಾರವಂತರು ಮೊದಲೇ ತಿಳಿದಿರುವುದು ಲೇಸು.

ಈ ಚಿಕಿತ್ಸೆಯು ಒಂದೇ ದಿನದಲ್ಲಿ ಮುಗಿಯತಕ್ಕದ್ದಲ್ಲ. ಮೊದಲು ಸಣ್ಣ ಕೊಳವೆಯನ್ನು ಕೀಲಿನೊಳಕ್ಕೆ ತೂರಿಸಿ ಮೃದ್ವಸ್ಥಿಯ ಚೂರನ್ನು ತೆಗೆಯುವರು. ಅದು ಪ್ರಯೋಗಶಾಲೆಯಲ್ಲಿ ಕೆಲವು ವಾರ ಬೆಳೆಯುವುದು. ಬಳಿಕ ಎರಡನೆಯ ಶಸ್ತ್ರಚಿಕಿತ್ಸೆ. ಆ ದೇಶದಲ್ಲಿ ಪ್ರತಿಯೊಂದು ಚಿಕಿತ್ಸೆಗೂ ಒಂದೊಂದು ಸಂಕೇತಸಂಖ್ಯೆಯುಂಟಷ್ಟೆ: ಜೀವಕೋಶಗಳನ್ನು ನೆಡುವ ಕೆಲಸಕ್ಕೆ 27412, ನೆಡುವ ಜೀವಕೋಶಗಳಿಗೇ ಬೇರೆ, ಜೆ 7330. ಶಸ್ತ್ರವೈದ್ಯರು, ಆಸ್ಪತ್ರೆ, ಅರಿವಳಿಕೆಯ ವೈದ್ಯರು ಬೇರೆಬೇರೆಯಾಗಿಯೇ ಬಿಲ್ಲು ಕಳುಹಿಸಬಹುದು. ಜನರು ಎಡವುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆಗೆ ವಿಮೆಯವರು ಒಪ್ಪಿದರೆಂದು ನಿಶ್ಚಿಂತರಾಗಿರುವರು; ಜೀವಕೋಶಗಳ ಬೆಲೆಗೂ ಒಪ್ಪಿದರೇ ಎಂದು ಕೇಳಿರುವುದಿಲ್ಲ. ಒಬ್ಬನಿಗಾಗಿ ಬೆಳೆಸಿದುದು ಮತ್ತೊಬ್ಬನಿಗೆ ಉಪಯೋಗವಾಗದು. ಅಂಗಡಿಯ ಸಾಮಾನಿನಂತೆ ಹಿಂದಿರುಗಿಸುವ ಹಾಗೂ ಇಲ್ಲ.

ವಯಸ್ಸಿನಿಂದ ಇಡೀ ಕೀಲೇ ಸವೆದಿದ್ದರೆ ವಿಮೆಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪೆಟ್ಟಿನಿಂದ ಒಂದೆಡೆ ಆಳವಾಗಿ ಕಿತ್ತುಹೋಗಿರಬೇಕು. ಆದಕಾರಣ ಎರಡು ಸಂಖ್ಯೆಗಳನ್ನೂ ಹೆಸರಿಸಿದ ಅನುಮತಿಯನ್ನು ಬರಹದಲ್ಲಿ ಪಡೆಯುವಂತೆ ಮಕ್ಕಳಿಗೆ ತಿಳಿಸತಕ್ಕದ್ದು. ಆ ಅನುಮತಿಗೆ ವಾಯಿದೆಯೂ ಇರುವುದರಿಂದ, ಎರಡನೆಯ ಶಸ್ತ್ರಚಿಕಿತ್ಸೆಯ ದಿನವು ಅದರೊಳಗೇ ಬೀಳುವುದೇ ಎಂದು ನೋಡಿಕೊಳ್ಳಲಿ.

ಇಷ್ಟಾದರೂ ನಿರಾಕರಣೆಯ ಪತ್ರ ಬಂದರೆ ಕೂಡಲೆ ಹಣ ಕಟ್ಟಲು ಹೊರಡಬೇಕಾಗಿಲ್ಲ. ಖಾಸಗಿ ವಿಮೆಯಲ್ಲಿ ಸಾಮಾನ್ಯವಾಗಿ 180 ದಿನಗಳೊಳಗೆ ಮರುವಿಚಾರಣೆ ಕೇಳಬಹುದು; ಅಲ್ಲಿಯೂ ಸೋತರೆ ವಿಮೆಯವರಿಗೆ ಸೇರದ ಪರೀಕ್ಷಕರಲ್ಲಿ ಮೊರೆಯಿಡುವ ಹಕ್ಕುಂಟು. ಪತ್ರದಲ್ಲಿ ಕಾರಣವನ್ನು ಬರೆದಿರುವರು. ಮೊದಲು ಅದನ್ನು ಓದಬೇಕು. ಎಡಗಾಲೋ ಬಲಗಾಲೋ ಎಂಬ ಗುರುತು ತಪ್ಪಿದ್ದರೂ ಬಿಲ್ಲು ಹಿಂದಿರುಗುವುದುಂಟು.