ಕಿಟಕಿ ಮುಚ್ಚುವ ಕಸುಬು

ಬೆಳಗಾವಿ ಜಿಲ್ಲೆಯ ಸಿರಸಂಗಿಗೆ ನಾನು ಹೋದದ್ದು ಕಾಳಮ್ಮನ ದರ್ಶನಕ್ಕೆ. ಗುಡಿಯಿಂದ ನಾಲ್ಕು ಹೆಜ್ಜೆ ಆಚೆ, ಪರಿಚಯದವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಗೋಡೆಯ ಮೇಲಿನ ದೇವರ ಪಟ ಕಣ್ಣಿಗೆ ಬಿತ್ತು. ಮೂಲೆಗಳೇ ಇಲ್ಲದ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟು, ಒಳಗೆ ಕಾಳಮ್ಮ. ಇದನ್ನೆಲ್ಲೋ ನೋಡಿದ್ದೇನಲ್ಲ ಅನಿಸಿ ಎದ್ದು ಹತ್ತಿರ ಹೋದರೆ, ವಿಮಾನದ ಕಿಟಕಿ! ಎಳೆದು ಮುಚ್ಚುವ ಪರದೆಯೂ ಹಾಗೇ ಇದೆ.

“ಗುಜರಿಗೆ ಹೊಂಟಿತ್ತು ತಮ್ಮಾ. ಸೂಪರ್‌ವೈಸರ್‌ನ ಕೇಳಿ ತಂದೆ,” ಎಂದರು ಮನೆಯ ಹಿರಿಯರು. ಊರಿಗೆಲ್ಲ ಅವರು ಕಾಕಾ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಕಮ್ಮಾರರ ಮನೆತನ. ಸಿಂಗಪುರದ ಹ್ಯಾಂಗರೊಂದರಲ್ಲಿ ಬಹಳ ವರ್ಷ ತಗಡಿನ ಕೆಲಸ ಮಾಡಿ ಮರಳಿದವರು. ಜನರನ್ನು ಒಯ್ಯುವ ವಿಮಾನವನ್ನು ಸರಕಿನ ವಿಮಾನ ಮಾಡುವುದು ಆ ಹ್ಯಾಂಗರಿನ ಕೆಲಸ.

ಸಿರಸಂಗಿ ಅಂದರೆ ಓದಿದವರಿಗೆ ನೆನಪಾಗುವುದು ತ್ಯಾಗವೀರ ಲಿಂಗರಾಜ ದೇಸಾಯಿ, 1906ರಲ್ಲಿ ತೀರಿಕೊಂಡ, ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬಿಟ್ಟುಹೋದ ಪುಣ್ಯಾತ್ಮ. ಕಸುಬುದಾರರಿಗೆ ಮಾತ್ರ ಮೊದಲು ಕಾಳಮ್ಮ. ಕಮ್ಮಾರ, ಬಡಿಗೇರ, ಕಂಚುಗಾರ, ಶಿಲ್ಪಿ, ಪತ್ತಾರ ಎಲ್ಲರೂ ನಡೆದುಕೊಳ್ಳುವ ತಾಯಿ ಅವಳು. ವಿಮಾನದ ಕಿಟಕಿ ಅವಳ ಪಾಲಿಗೆ ಬಂದದ್ದು ನನಗೇನೂ ವಿಚಿತ್ರ ಅನಿಸಲಿಲ್ಲ.

ಹದಿನೈದು ಇಪ್ಪತ್ತು ವರ್ಷ ಜನರನ್ನು ಹೊತ್ತ ವಿಮಾನ ಕಂಪನಿಗೆ ಹಳತಾಗುತ್ತದೆ. ಇಂಧನ ಹೆಚ್ಚು ಕುಡಿಯುತ್ತದೆ, ಪ್ರಯಾಣಿಕರೂ ಹೊಸದನ್ನು ಕೇಳುತ್ತಾರೆ. ಪಾರ್ಸೆಲ್ಲಿಗೆ ಆ ಹಂಗಿಲ್ಲ. ದಿನಕ್ಕೊಂದೆರಡು ಸಲ, ಅದೂ ರಾತ್ರಿ ಹೊತ್ತು ಹಾರಿದರೆ ಸಾಕು. ಹೊಸ ವಿಮಾನದ ಬೆಲೆಗೆ ಹೋಲಿಸಿದರೆ ಹಳೆಯದನ್ನು ಕೊಂಡು ಮಾರ್ಪಡಿಸುವುದು ಎಷ್ಟೋ ಅಗ್ಗ. ಗರಿಷ್ಠ 189 ಜನ ಕೂರುವ ಬೋಯಿಂಗ್ 737-800 ಹೀಗೆ ಬದಲಾದ ಮೇಲೆ ಸುಮಾರು 23 ಟನ್ ಸರಕು ಹೊರುತ್ತದೆ. ಕೆಲಸಕ್ಕೆ ಮೂರು ನಾಲ್ಕು ತಿಂಗಳು ಬೇಕು.

“ಸೀಟು ಕೀಳೂದು ಹುಡುಗರ ಕೆಲಸ. ಬಾಗಲಾ ಕೊರಿಯೂದು ಐತಲ್ಲ, ಅದು ಕಸುಬು,” ಎಂದು ಕಾಕಾ ನೆಟ್ಟಗೆ ಕೂತರು. ವಿಮಾನದ ಎಡಮೈಯಲ್ಲಿ, ಮುಂಭಾಗಕ್ಕೆ, ಹನ್ನೊಂದು ಅಡಿ ಅಗಲ ಏಳು ಅಡಿ ಎತ್ತರದ ಆಸುಪಾಸಿನಲ್ಲಿ ತಗಡನ್ನು ಕತ್ತರಿಸಿ ತೆಗೆಯಬೇಕು. ಮನೆಗೋಡೆ ಒಡೆದು ಬಾಗಿಲಿಟ್ಟ ಹಾಗಲ್ಲ ಇದು. ವಿಮಾನದ ಆ ತಗಡೇ ಭಾರ ಹೊರುವುದು. ಒಳಗೆ ಗಾಳಿಯೊತ್ತಡ ತುಂಬಿದಾಗ ಬಿಗಿಯುವುದೂ ಅದೇ. ಅಲ್ಲೊಂದು ಕಿಂಡಿ ಕೊರೆದರೆ ಮೈಯೆಲ್ಲ ತುಸು ಜಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಕೂದಲೆಳೆಯಷ್ಟು ಸರಿದರೂ ಹೊಸ ಬಾಗಿಲು ಕೂರುವುದಿಲ್ಲ. ಆದ್ದರಿಂದ ಮೊದಲು ವಿಮಾನವನ್ನು ಜಾಕಿನ ಮೇಲೆತ್ತಿ, ಹೊಟ್ಟೆಯ ಕೆಳಗೆ ಅಲ್ಲಲ್ಲಿ ಆಧಾರ ಕೊಟ್ಟು, ಮಟ್ಟ ನೋಡಿ, ಮತ್ತೆ ಮಟ್ಟ ನೋಡಿ, ಆಮೇಲೆ ಗರಗಸ.

“ಗಾಲಿ ಬಿಚ್ಚೂಮುಂದ ಬಂಡಿಗೆ ಆನಿಕಿ ಕೊಡಂಗಿಲ್ಲೇನು? ಹಂಗ.”

ಕೊರೆದ ಕಿಂಡಿಗೆ ಮೂಲೆ ಇರಕೂಡದು, ದುಂಡಗಾಗಿರಬೇಕು. ಚೂಪು ಮೂಲೆ ಸಿಕ್ಕರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಒಡೆದುಹೋದಾಗ ಜಗತ್ತು ಕಲಿತ ಪಾಠವಿದು. ಕಾಳಮ್ಮನ ಚೌಕಟ್ಟಿಗೆ ಯಾಕೆ ಮೂಲೆಗಳಿಲ್ಲ ಎಂದು ಆಗ ಹೊಳೆಯಿತು.

ಕಿಂಡಿಯ ಸುತ್ತ ಹೊಸ ಪಕ್ಕೆಲುಬುಗಳನ್ನು ಕೂರಿಸಿ, ಮೇಲೆ ದಪ್ಪ ತಗಡಿನ ಪಟ್ಟಿ ಹೊಚ್ಚಿ ರಿವೆಟ್ ಬಡಿಯುವುದು ಮುಂದಿನ ಕೆಲಸ. ಹೊರಗೊಬ್ಬ ಗನ್ ಹಿಡಿದು ಹೊಡೆಯುತ್ತಾನೆ, ಒಳಗೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದಿರುತ್ತಾನೆ. ನಡುವೆ ತಗಡು, ಇಬ್ಬರಿಗೂ ಮುಖ ಕಾಣದು, ಮಾತು ಕೇಳದು. ಒಳಗಿನವನು ಒಮ್ಮೆ ತಟ್ಟಿದರೆ ಇನ್ನೊಂದಿಷ್ಟು ಹೊಡೆ, ಎರಡು ಸಲ ತಟ್ಟಿದರೆ ಸಾಕು.

ಕಾಕಾ ಬೆರಳಿನಿಂದ ಸ್ಟೀಲ್ ಲೋಟ ತಟ್ಟಿ ತೋರಿಸಿದರು. “ಇದನ್ನ ನನಗ ಸಿಂಗಪುರದವರು ಕಲಸ್ಲಿಲ್ಲ. ಕುಲುಮಿಯಾಗ ಅಪ್ಪ ಸಣ್ಣ ಸುತ್ತಿಗಿಲೆ ಅಡಿಗಲ್ಲ ತಟ್ಟಿದ್ರ ನಾ ಘಣ ಇಳಸ್ತಿದ್ದೆ.”

ಉಳಿದದ್ದನ್ನು ಅವರು ಗಡಿಬಿಡಿಯಲ್ಲಿ ಮುಗಿಸಿದರು. ನೆಲದ ತೊಲೆಗಳಿಗೆ ಬಲ, ಸರಕು ಉರುಳಿಸಲು ರೋಲರ್, ಪೈಲಟ್‌ಗಳ ಬೆನ್ನಿಗೆ ಗಟ್ಟಿ ಗೋಡೆ, ಯಾಕೆಂದರೆ ತುರ್ತು ಇಳಿತದಲ್ಲಿ ಸರಕೆಲ್ಲ ಮುಂದಕ್ಕೆ ನುಗ್ಗಿದರೆ ತಡೆಯಬೇಕು. ಬೆಂಕಿ ಹತ್ತಿದರೆ ಒಳಗಿನ ಗಾಳಿಯೊತ್ತಡ ಇಳಿಸಿ ಬೆಂಕಿಯ ಉಸಿರು ಕಟ್ಟಿಸುತ್ತಾರೆ. ಕಿಟಕಿಗಳಿಗೆಲ್ಲ ಅಲ್ಯೂಮಿನಿಯಂ ಬಿಲ್ಲೆ.

ನಮ್ಮ ನಾಡಿಗೂ ಈ ವಿಮಾನಗಳಿಗೂ ನಂಟಿಲ್ಲದಿಲ್ಲ. ಏರ್‌ಬಸ್ ಎ320ರ ಮುಂದಿನ ಬಾಗಿಲುಗಳನ್ನು ಬೆಂಗಳೂರಿನ ಎಚ್‌ಎಎಲ್ ವರ್ಷಗಳಿಂದ ಮಾಡಿಕೊಡುತ್ತಿದೆ. ಬೆಳಗಾವಿ ಜಿಲ್ಲೆಯದೇ ಹತ್ತರಗಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗ ಮಾಡುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಡೆಕ್ಕನ್ 360 ಎಂಬ ಸರಕು ಸಂಸ್ಥೆ ಕಟ್ಟಿದಾಗ ಹಾರಿಸಿದ್ದು ಹೀಗೆ ಮಾರ್ಪಟ್ಟ ಎ310ಗಳನ್ನೇ. ಅದು ಹೆಚ್ಚು ಕಾಲ ಬಾಳಲಿಲ್ಲ. 2020ರಲ್ಲಿ ಕೊರೊನಾ ಬಂದು ಪ್ರಯಾಣಿಕ ವಿಮಾನಗಳು ನೆಲ ಹಿಡಿದಾಗ ಅವುಗಳ ಹೊಟ್ಟೆಯಲ್ಲಿ ಸಾಗುತ್ತಿದ್ದ ಸರಕೂ ನಿಂತಿತು, ಮಾರ್ಪಾಡಿನ ಹ್ಯಾಂಗರುಗಳ ಮುಂದೆ ಸಾಲು ಬೆಳೆಯಿತು. 2022ರ ಏಪ್ರಿಲ್‌ನಲ್ಲಿ ಎಚ್‌ಎಎಲ್ ಮತ್ತು ಇಸ್ರೇಲಿನ ವಿಮಾನ ಕಂಪನಿ ಐಎಐ ಒಪ್ಪಂದಕ್ಕೆ ಸಹಿ ಹಾಕಿದವು. ಪ್ರಯಾಣಿಕ ವಿಮಾನಗಳನ್ನು ಆಗಸದಲ್ಲೇ ಇಂಧನ ತುಂಬುವ ಟ್ಯಾಂಕರ್ ಮಾಡುವುದು ಅದರ ಮುಖ್ಯ ಉದ್ದೇಶ, ಸರಕು ವಿಮಾನ ಮಾಡುವುದೂ ಅದರಲ್ಲಿ ಸೇರಿತ್ತು. ಮರುವರ್ಷ ಬೋಯಿಂಗ್ ಇಂಥದೇ ಕೆಲಸಕ್ಕೆ ಹೈದರಾಬಾದಿನ ಹೆಸರು ಹೇಳಿತು.

ಇದನ್ನೆಲ್ಲ ಹೇಳಿದಾಗ ಕಾಕಾ ಅಷ್ಟೇನೂ ಉಬ್ಬಲಿಲ್ಲ. ಎಲ್ಲಿ ಎಷ್ಟು ಕೊರೆಯಬೇಕು, ಎಂಥ ರಿವೆಟ್ ಹಾಕಬೇಕು ಎಂಬ ನಕ್ಷೆ, ಅದಕ್ಕೆ ಸರ್ಕಾರಗಳು ಕೊಟ್ಟ ಮಂಜೂರಾತಿ, ಇವೇ ಈ ದಂಧೆಯ ನಿಜವಾದ ಆಸ್ತಿ. ಅವು ಹೊರಗಿನವರ ಪೆಟ್ಟಿಗೆಯಲ್ಲಿವೆ. “ಕೈ ನಮ್ಮದು, ಕಾಗದ ಅವರದು,” ಎಂದಷ್ಟೇ ಅಂದರು. ಅವರ ಮಗ ಧಾರವಾಡದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕುಲುಮೆಯಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಅಡಿಗಲ್ಲು ಮಾತ್ರ ಬಾಗಿಲ ಪಕ್ಕದಲ್ಲಿದೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು.

ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಕಾಕಾನ ಮೊಮ್ಮಗಳು ಊಟ ಮುಗಿಸಿ ಬಂದವಳು ಕುರ್ಚಿ ಹತ್ತಿ ಕಾಳಮ್ಮನ ಪಟದ ಪರದೆಯನ್ನು ಮೆಲ್ಲಗೆ ಕೆಳಗೆಳೆದಳು. ದಿನಾ ರಾತ್ರಿ ಅದು ಅವಳ ಕೆಲಸವಂತೆ.

“ಅವ್ವ ಮಲಗಿದ್ಲು,” ಎಂದು ನನ್ನ ಕಡೆ ನೋಡಿ ಪಿಸುಗುಟ್ಟಿದಳು.