ಕರಿಯದ ನಿಪ್ಪಟ್ಟು ಗರಿಗರಿಯಾದೀತೇ?

ಪ್ರಶ್ನೆ: ನಿಪ್ಪಟ್ಟನ್ನು ಎಣ್ಣೆಯಲ್ಲಿ ಕರಿಯದೆ ಓವನ್‌ನಲ್ಲಿ ಬೇಯಿಸಿದರೆ ಕಲ್ಲಿನಂತಾಗುತ್ತದೆ. ಏಕೆ?

ಉತ್ತರ: ಕಾದ ಎಣ್ಣೆಗೆ ಬಿದ್ದ ಹಿಟ್ಟಿನೊಳಗಿನ ನೀರು ಕ್ಷಣದಲ್ಲೇ ಆವಿಯಾಗಿ ನುಗ್ಗಿ ಹೊರಬರುತ್ತದೆ. ನೀವು ನೋಡುವ ಗುಳ್ಳೆಗಳು ಅವೇ. ಆವಿ ಬಿಟ್ಟುಹೋದ ಸಣ್ಣ ರಂಧ್ರಗಳಿಂದ ನಿಪ್ಪಟ್ಟು ಹಗುರಾಗುತ್ತದೆ. ಬಾಣಲೆಯಿಂದ ತೆಗೆದ ಮೇಲೆ ಆರುವಾಗ, ಮೇಲೆ ಅಂಟಿದ ಎಣ್ಣೆಯ ದೊಡ್ಡ ಪಾಲು ಅದೇ ರಂಧ್ರಗಳೊಳಗೆ ಇಳಿಯುತ್ತದೆ. ಓವನ್‌ನ ಬಿಸಿಗಾಳಿ ಶಾಖವನ್ನು ಅಷ್ಟು ಬೇಗ ಮುಟ್ಟಿಸುವುದಿಲ್ಲ. ನೀರು ನಿಧಾನವಾಗಿ ಒಣಗಿ, ಅಕ್ಕಿಹಿಟ್ಟು ಬಿಗಿದುಕೊಳ್ಳುತ್ತದೆ.

ಉಪಾಯ ಹಿಟ್ಟಿನಲ್ಲೇ ಇದೆ. ಒಂದು ಬಟ್ಟಲು ಅಕ್ಕಿಹಿಟ್ಟಿಗೆ ಕಾಲು ಬಟ್ಟಲು ಹುರಿಗಡಲೆ ಪುಡಿ, ಒಂದು ಹಿಡಿ ತರಿತರಿ ಕಡಲೆಕಾಯಿಬೀಜ, ಎಳ್ಳು, ಕರಿಬೇವು, ಖಾರದಪುಡಿ, ಉಪ್ಪು ಬೆರೆಸಿ. ಎರಡು ದೊಡ್ಡ ಚಮಚ ಬಿಸಿ ಎಣ್ಣೆ ಹಾಕಿ, ಹಿಡಿದರೆ ಉಂಡೆಯಾಗುವವರೆಗೆ ಉಜ್ಜಿ. ಇದರಲ್ಲಿ ಕಂಜೂಸುತನ ಬೇಡ. ಕರಿದದ್ದು ಹೀರುವುದಕ್ಕಿಂತ ಇದು ಕಡಿಮೆಯೇ. ಆಮೇಲೆ ನೀರು ಚಿಮುಕಿಸಿ ಕಲಸಿ, ಆದಷ್ಟು ತೆಳ್ಳಗೆ ತಟ್ಟಿ, ಫೋರ್ಕಿನಿಂದ ಚುಚ್ಚಿ. 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಸಾಕು, ನಡುವೆ ಒಮ್ಮೆ ಮಗುಚಿ.

ಕರಿದದ್ದರ ಘಮ ಪೂರ್ತಿ ಬರುವುದಿಲ್ಲ, ಅದು ನಿಜ. ಎಣ್ಣೆ ಕಡಿಮೆಯಾಯಿತೆಂದು ಡಬ್ಬಿ ಖಾಲಿ ಮಾಡಬೇಡಿ, ಕಡಲೆಕಾಯಿಯ ಕೊಬ್ಬು, ಉಪ್ಪು ಅಲ್ಲೇ ಇವೆ. ಇದೇ ಹದ ಕೋಡುಬಳೆಗೆ ನಡೆಯದು: ದಪ್ಪವಾದ್ದರಿಂದ ಒಳಗೆ ಹಸಿಯಾಗೇ ಉಳಿಯುತ್ತದೆ.