ವಿಮಾನಚಾಲಕನ ಸಂದರ್ಶನಕ್ಕೆ ಮನೆಯಲ್ಲಿ ನಡೆದ ಸಿದ್ಧತೆ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತನಾಗಿರುವ ನನಗೂ ವಿಮಾನಚಾಲನೆಗೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಾನು ವಿಮಾನವೇರಿದ್ದು ಜನ್ಮದಲ್ಲಿ ಎರಡು ಸಲ. ಎರಡು ಸಲವೂ ಕಿಟಕಿಯ ಕಡೆಗೆ ಮುಖ ತಿರುಗಿಸಲಿಲ್ಲ. ಆದರೂ ಕಳೆದ ಒಂದೂವರೆ ತಿಂಗಳಿನಿಂದ ನಮ್ಮ ಮನೆಯ ಪಡಸಾಲೆಯಲ್ಲಿ ವಿಮಾನದ ಹೊರತು ಬೇರೆ ಮಾತಿಲ್ಲ. ನನ್ನ ತಂಗಿಯ ಮಗನು, ಇಪ್ಪತ್ತನಾಲ್ಕು ವರ್ಷದ ಹುಡುಗ, ಅಗ್ಗದ ದರದ ವಿಮಾನಕಂಪೆನಿಯೊಂದರಲ್ಲಿ ಸಹಚಾಲಕನ ಹುದ್ದೆಗೆ ಸಂದರ್ಶನವನ್ನು ಎದುರಿಸಬೇಕಾಗಿದ್ದು, ಅದರ ಸಿದ್ಧತೆಗಾಗಿ ನಮ್ಮಲ್ಲಿಗೆ ಬಂದು ನಿಂತನು. "ಮಕ್ಕಳಿಗೆ ಪ್ರಶ್ನೆ ಕೇಳುವ ಅಭ್ಯಾಸ ನಿನಗಿದೆಯಲ್ಲ ಅಣ್ಣ, ಇವನನ್ನೂ ಕೇಳು" ಎಂದು ಹೇಳಿ ತಂಗಿಯೂ ಜೊತೆಯಲ್ಲಿಯೇ ಬಂದಿದ್ದಳು.

ಸಂದರ್ಭದ ಭಾರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಿದ್ಯೆಗಾಗಿ ಅವರು ಎರಡು ಎಕರೆ ಅಡಕೆಯ ತೋಟವನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಾರೆ. ನಮ್ಮ ದೇಶದಲ್ಲಿ ವಾಣಿಜ್ಯ ವಿಮಾನಚಾಲಕನ ಲೈಸೆನ್ಸನ್ನು ಪಡೆಯಬೇಕಾದರೆ ಕನಿಷ್ಠಪಕ್ಷ 200 ಗಂಟೆಗಳ ಹಾರಾಟವಾಗಿರಬೇಕು. ಅದರಲ್ಲಿ 100 ಗಂಟೆ ತಾನೇ ನಾಯಕನಾಗಿ ಹಾರಿರಬೇಕು. ಮಾರ್ಗನಿರ್ಣಯ, ಹವಾಮಾನ, ವಿಮಾನಯಾನದ ನಿಯಮಗಳು ಮೊದಲಾದ ವಿಷಯಗಳಲ್ಲಿ ನೂರಕ್ಕೆ 70 ಅಂಕಗಳಿಲ್ಲದೆ ಉತ್ತೀರ್ಣತೆಯಿಲ್ಲ. ಇದಿಷ್ಟೂ ನಮ್ಮ ಹುಡುಗನಿಗೆ ಉಂಟು. ಆದರೆ ಲೈಸೆನ್ಸು ಸಂಬಳವನ್ನು ಕೊಡುವುದಿಲ್ಲ. ಹಾರದೆ ಕುಳಿತ ಚಾಲಕನ ಕೈ ದಿನೇ ದಿನೇ ಜಡವಾಗುತ್ತದೆ. ಬಡ್ಡಿಯಾದರೋ ಒಂದು ದಿನವೂ ಕುಳಿತಿರುವುದಿಲ್ಲ. ಹಿಂದಿನ ವರ್ಷ ಬೇರೊಂದು ಕಂಪೆನಿಯ ಸಂದರ್ಶನದಲ್ಲಿ ಅವನು ತಿರಸ್ಕೃತನಾಗಿದ್ದನು. ಕಾರಣವೇನೆಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಗ್ಗದ ದರದ ಕಂಪೆನಿಯೆಂದರೆ ಅಗ್ಗದ ಚಾಲಕರನ್ನು ಇಟ್ಟುಕೊಳ್ಳತಕ್ಕ ಕಂಪೆನಿಯೆಂದು ನಾನು ಭ್ರಮಿಸಿದ್ದೆನು. ಹುಡುಗನು ನನ್ನನ್ನು ತಿದ್ದಿದನು. ಲೈಸೆನ್ಸೂ ವೈದ್ಯಪರೀಕ್ಷೆಯೂ ಎಲ್ಲರಿಗೂ ಒಂದೇ. ಉಳಿತಾಯವು ಬೇರೆ ಕಡೆಗಳಲ್ಲಿ ನಡೆಯುತ್ತದೆ. 2003ರಲ್ಲಿ ನಮ್ಮ ಬೆಂಗಳೂರಿನಿಂದಲೇ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಕಂಪೆನಿಯನ್ನು ಆರಂಭಿಸಿ, ರೈಲಿನಲ್ಲಿ ಕೂರುತ್ತಿದ್ದವರನ್ನು ವಿಮಾನದಲ್ಲಿ ಕೂರಿಸಿದ್ದು ಅನೇಕರಿಗೆ ನೆನಪಿರಬಹುದು. ಆ ಕಂಪೆನಿ ಈಗಿಲ್ಲ. ಆದರೆ ಅದು ತೋರಿದ ದಾರಿ ಉಳಿದಿದೆ. ಬಹುಮಟ್ಟಿಗೆ ಒಂದೇ ಜಾತಿಯ ವಿಮಾನಗಳನ್ನು ಇಟ್ಟುಕೊಂಡರೆ ಚಾಲಕರ ಶಿಕ್ಷಣವೂ ಬಿಡಿಭಾಗಗಳ ದಾಸ್ತಾನೂ ಒಂದೇ ಆಗುತ್ತವೆ. ಇಳಿದ ವಿಮಾನವು ಅರ್ಧ ಗಂಟೆಯ ಆಸುಪಾಸಿನಲ್ಲಿ ಪುನಃ ಹೊರಡುತ್ತದೆ. ನೆಲದ ಮೇಲೆ ನಿಂತ ವಿಮಾನಕ್ಕೆ ವರಮಾನವಿಲ್ಲವಷ್ಟೆ. ಇಂಧನವೇ ಅತಿ ದೊಡ್ಡ ಖರ್ಚಾದ್ದರಿಂದ, ಇಳಿದ ಮೇಲೆ ನಿಲ್ದಾಣದ ಕಡೆಗೆ ಉರುಳುವಾಗ ಒಂದು ಎಂಜಿನನ್ನು ಆರಿಸಿಬಿಡುವುದೂ ಉಂಟು. 'ಕಾಸ್ಟ್ ಇಂಡೆಕ್ಸ್' ಎಂಬ ಒಂದು ಸಂಖ್ಯೆ ಇದೆಯಂತೆ. ಸಮಯದ ಬೆಲೆಗೂ ಇಂಧನದ ಬೆಲೆಗೂ ಇರುವ ಪ್ರಮಾಣವನ್ನು ತಿಳಿಸುವ ಆ ಸಂಖ್ಯೆಯನ್ನು ವಿಮಾನದ ಗಣಕಯಂತ್ರದಲ್ಲಿ ತುಂಬಿದರೆ, ಎಷ್ಟು ವೇಗದಲ್ಲಿ ಹೋಗುವುದು ಲಾಭಕರವೆಂಬುದನ್ನು ಅದು ಹೇಳುತ್ತದೆ. ಮನೆಯ ಖರ್ಚನ್ನು ತೂಗಿ ನೋಡುವ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

"ನಮ್ಮ ಕಂಪೆನಿಗೇ ಏಕೆ ಬರುತ್ತೀರಿ?" ಎಂಬುದು ಸಂದರ್ಶನದ ಮೊದಲ ಪ್ರಶ್ನೆಗಳಲ್ಲೊಂದು. ಇದಕ್ಕೆ ಹುಡುಗನು ಯಾವುದೋ ತರಬೇತಿಯ ಟಿಪ್ಪಣಿಯಿಂದ ಒಂದು ಸ್ತೋತ್ರವನ್ನು ಕಂಠಪಾಠ ಮಾಡಿಕೊಂಡು ಬಂದಿದ್ದನು. ಆ ಸ್ತೋತ್ರದಲ್ಲಿ ಕಂಪೆನಿಯ ಹೆಸರನ್ನು ಬದಲಾಯಿಸಿದರೆ ಅದು ಯಾವ ದೇವತೆಗಾದರೂ ಸಲ್ಲುವಂತಿದ್ದಿತು. ಅದನ್ನು ಬಿಡಿಸಿ, ಕಂಪೆನಿಯಲ್ಲಿ ಯಾವ ಜಾತಿಯ ವಿಮಾನಗಳು ಎಷ್ಟಿವೆ, ಯಾವ ಊರುಗಳಿಗೆ ಹೋಗುತ್ತವೆ ಎಂಬುದನ್ನು ಬರೆದುಕೊಳ್ಳೆಂದೆನು. ಬರೆಯುತ್ತ ಬರೆಯುತ್ತ ಅವನಿಗೇ ಉತ್ತರ ಹೊಳೆಯಿತು: ಸಮೀಪದ ಊರುಗಳ ನಡುವೆ ದಿನಕ್ಕೆ ಹಲವು ಸಲ ಏರಿ ಇಳಿಯುವ ಕೆಲಸದಲ್ಲಿ ಹೊಸಬನ ಕೈ ಬೇಗನೆ ಪಳಗುತ್ತದೆ.

ಗಣಿತದಲ್ಲಿ ಮಾತ್ರ ನನಗೆ ಸಂತೋಷವಾಯಿತು. 'ವಿಮಾನ' ಶಬ್ದದ ಮೂಲದಲ್ಲಿರುವುದು ಅಳತೆಯನ್ನು ಹೇಳುವ 'ಮಾ' ಧಾತು. ಹುಡುಗನ ಬಾಯಿಲೆಕ್ಕಗಳನ್ನು ಕೇಳುತ್ತಿದ್ದರೆ ಆ ಹೆಸರು ಎಷ್ಟು ಸಾರ್ಥಕವೆನ್ನಿಸುತ್ತದೆ. 36,000 ಅಡಿ ಎತ್ತರದಿಂದ ಇಳಿಯಲು ಎಲ್ಲಿ ಪ್ರಾರಂಭಿಸಬೇಕು? ಸಾವಿರಗಳ ಸಂಖ್ಯೆಯನ್ನು ಮೂರರಿಂದ ಗುಣಿಸು: ಸುಮಾರು 108 ನಾವಿಕ ಮೈಲಿ ಮೊದಲೇ. ನೆಲದ ಮೇಲಿನ ವೇಗ ಗಂಟೆಗೆ 140 ನಾವಿಕ ಮೈಲಿಯಾದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು? ಐದರಿಂದ ಗುಣಿಸು: 700. ಬೆಂಗಳೂರಿನ ವಿಮಾನನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆಯೆಂದೂ ಸಾವಿರ ಅಡಿಗೆ ಎರಡೆರಡು ಡಿಗ್ರಿ ಕಡಿಮೆಯೆಂದೂ ಶಾಸ್ತ್ರದ ಲೆಕ್ಕ. ಆ ಪ್ರಕಾರ ಅಲ್ಲಿ 9 ಡಿಗ್ರಿ ಇರತಕ್ಕದ್ದು. ಏಪ್ರಿಲ್ ಮಧ್ಯಾಹ್ನದಲ್ಲಿ 35 ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಒಂದೊಂದು ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿದರೆ, ವಿಮಾನದ ಪಾಲಿಗೆ ಆ ನಿಲ್ದಾಣವು 6000 ಅಡಿಗೂ ಮೇಲಿರುವಂತಾಯಿತು. ಗಾಳಿ ತೆಳುವಾಗಿ ಏರುವ ಮುನ್ನ ಹೆಚ್ಚು ದೂರ ಓಡಬೇಕಾಯಿತು. ಇದನ್ನೆಲ್ಲ ಅವನು ಅವರೆಕಾಯಿ ಸುಲಿಯುತ್ತಲೇ ಹೇಳಿಬಿಡುತ್ತಿದ್ದನು.

ಈ ನಡುವೆ ಅವನಿಗೆ ಕೆಮ್ಮು ಬಂದಿತು. ತಂಗಿಯು ರೂಢಿಯಂತೆ ದ್ರಾಕ್ಷಾರಿಷ್ಟದ ಬಾಟಲಿಯನ್ನು ತಂದಳು, ಅವನು ಮುಟ್ಟಲಿಲ್ಲ. ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಮದ್ಯಸಾರವು ತಾನಾಗಿಯೇ ಹುಟ್ಟುತ್ತದೆ, ಹಾರಾಟಕ್ಕೆ ಮೊದಲು ಚಾಲಕರ ಉಸಿರನ್ನು ಯಂತ್ರದಿಂದ ಪರೀಕ್ಷಿಸುತ್ತಾರೆ, ಈಗಿನಿಂದಲೇ ಅಭ್ಯಾಸವಾಗಲಿ ಎಂದನು. ಮನೆಯಲ್ಲಿ ಚಾಲಕರಿರುವ ತಾಯಂದಿರು ಇದನ್ನು ಗಮನಿಸುವುದೊಳ್ಳೆಯದು. ಅವನಿಗೆ ಶುಂಠಿಯ ಕಷಾಯವೇ ಗತಿಯಾಯಿತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. "ನಿಮ್ಮ ಕ್ಯಾಪ್ಟನ್ನರು ತಪ್ಪು ಮಾಡುತ್ತಿದ್ದಾರೆ, ನೀವು ಹೇಳಿದರೂ ಕೇಳುತ್ತಿಲ್ಲ, ಏನು ಮಾಡುತ್ತೀರಿ?" ಎಂಬ ಪ್ರಶ್ನೆಯು ಇಂಥ ಸಂದರ್ಶನಗಳಲ್ಲಿ ಬರತಕ್ಕದ್ದೇ. ಅದಕ್ಕೆ ಕಾರಣವುಂಟು. 1977ನೆಯ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ದೊಡ್ಡ ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಮಡಿದರು. ಹಿರಿಯ ಕ್ಯಾಪ್ಟನ್ನನ ಹಿಂದೆ ಕುಳಿತಿದ್ದ ಎಂಜಿನಿಯರನು ಎದುರಿನ ವಿಮಾನವು ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಸಂಶಯವನ್ನು ಸೂಚಿಸಿದ್ದನು, ಆದರೆ ಹಟ ಹಿಡಿದು ತಡೆಯಲಿಲ್ಲ. ದೂರದ ಮಾತೇಕೆ? 2010ನೆಯ ಮೇ 22ರ ಬೆಳಗ್ಗೆ ನಮ್ಮ ಮಂಗಳೂರಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದಿತು. 166 ಜನರಲ್ಲಿ ಉಳಿದವರು 8 ಮಂದಿ. ಅದೂ ಅಗ್ಗದ ದರದ ಸೇವೆಯೇ ಆಗಿದ್ದಿತು. ಸುಮಾರು 8000 ಅಡಿಯ ರನ್‌ವೇಯಲ್ಲಿ 5200 ಅಡಿಯಷ್ಟು ಕಳೆದ ಮೇಲೆ ಚಕ್ರವು ನೆಲ ಮುಟ್ಟಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ. ಸಹಚಾಲಕನು ಮೂರು ಸಲ ಹಾಗೆ ಹೇಳಿದರೂ ಕ್ಯಾಪ್ಟನ್ನನು ಇಳಿಯುವುದನ್ನು ಮುಂದುವರಿಸಿದನೆಂದು ವಿಚಾರಣಾ ಮಂಡಲಿಯು ನಿರ್ಣಯಿಸಿತು. ಸಹಚಾಲಕನಿಗೆ ಎಷ್ಟು ಅಧಿಕಾರವುಂಟೆಂಬ ಬಗ್ಗೆ ನಿಯಮಗಳಲ್ಲಿದ್ದ ಅಸ್ಪಷ್ಟತೆಯಿಂದಲೋ ಏನೋ, ಅವನು ಹೇಳಿದನೇ ಹೊರತು ಚಾಲನೆಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲವೆಂದೂ ಅದೇ ವರದಿಯಲ್ಲಿದೆ.

ಹುಡುಗನಿಗೆ ಇದೆಲ್ಲವೂ ತಿಳಿದಿದ್ದಿತು. ಮೊದಲು ವಿಚಾರಿಸುವುದು, ಆಮೇಲೆ ಎಚ್ಚರಿಸುವುದು, ಆಮೇಲೆ ಸ್ಪಷ್ಟವಾಗಿ ಹೇಳುವುದು, ಕೊನೆಗೆ ಚಾಲನೆಯನ್ನು ವಹಿಸಿಕೊಳ್ಳುವುದು ಎಂದು ನಾಲ್ಕು ಮೆಟ್ಟಿಲುಗಳನ್ನು ಕ್ರಮವಾಗಿ ಒಪ್ಪಿಸಿದನು. ನೂರಕ್ಕೆ ನೂರು ಅಂಕ ಕೊಡಬಹುದಾಗಿತ್ತು. ಏಕೋ ನನಗೆ ತೃಪ್ತಿಯಾಗಲಿಲ್ಲ. ಪಡಸಾಲೆಯಲ್ಲಿ ಎರಡು ಕುರ್ಚಿಗಳನ್ನು ಪಕ್ಕಪಕ್ಕದಲ್ಲಿ ಹಾಕಿ, ಎಡಗಡೆಯದರಲ್ಲಿ ನಾನು ಕುಳಿತೆನು. "ನಾನು ಕ್ಯಾಪ್ಟನ್. ಬಹಳ ಎತ್ತರದಲ್ಲಿದ್ದೇವೆ, ವೇಗವೂ ಹೆಚ್ಚು. ಆದರೂ ಇಳಿಸುತ್ತೇನೆ. ನೋಡೋಣ, ನಿಲ್ಲಿಸು ನನ್ನನ್ನು."

ಅವನು ನಕ್ಕನು. "ಮಾವ, ಸ್ವಲ್ಪ ಎತ್ತರ ಜಾಸ್ತಿಯಾಯಿತೇನೋ ಅಂತ…" ಎಂದನು.

"ನನಗೆ ಗೊತ್ತು, ಸುಮ್ಮನಿರು."

"ಅಲ್ಲ ಮಾವ, ನೀವು ತಪ್ಪು ತಿಳಿಯಬಾರದು, ಇನ್ನೊಂದು ಸಲ ನೋಡಿದರೆ ಹೇಗೆ?"

"ಇಪ್ಪತ್ತು ವರ್ಷದಿಂದ ಹಾರಿಸುತ್ತಿದ್ದೇನೆ. ನಿನ್ನೆ ಬಂದವನು ನನಗೆ ಹೇಳುತ್ತೀಯಾ?"

ಹುಡುಗನು ತಲೆ ತಗ್ಗಿಸಿದನು. ಅವನ ಕೈ ಕುರ್ಚಿಯ ತೋಳಿನ ಮೇಲೆ ಹಾಗೆಯೇ ಇದ್ದಿತು. ಇಷ್ಟರಲ್ಲಿ ವಿಮಾನವು ಕಣಿವೆಗೆ ಬಿದ್ದಿರಬೇಕು. ಅಡುಗೆಮನೆಯಿಂದ ನೋಡುತ್ತಿದ್ದ ನನ್ನ ಹೆಂಡತಿಯು, "ನೀವು ಹಾಗೆ ಗದರಿಸಿದರೆ ಯಾರು ತಾನೇ ಬಾಯಿ ಬಿಟ್ಟಾರು? ನಾನೇ ಬಿಡಲಾರೆ" ಎಂದಳು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಹಿರಿಯರಿಗೆ ಎದುರಾಡಬಾರದೆಂದು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬನು. ನಮ್ಮ ಮನೆಗಳ ಮಾತಿನಲ್ಲಿ ಹಿರಿಯನಿಗೆ 'ಬೇಡ' ಎನ್ನುವುದಕ್ಕೆ ಎಷ್ಟು ಸುತ್ತುಗಳು! 'ಹಾಗಲ್ಲ', 'ಏನೋ ಅಂತ', 'ನೀವು ಹೇಳಿದ್ದೇ ಸರಿ, ಆದರೂ'. ಮದುವೆ ಮುಂಜಿಗಳಲ್ಲಿ ಈ ಸುತ್ತುಗಳು ಒಡವೆಗಳಂತೆ ಶೋಭಿಸುತ್ತವೆ. ನೆಲ ಮುಟ್ಟಲು ಹತ್ತು ಸೆಕೆಂಡು ಉಳಿದಿರುವಾಗ ಅವುಗಳಿಗೆ ಎಡೆಯೆಲ್ಲಿ? ಇನ್ನೊಂದು ನೆನಪೂ ಚುಚ್ಚಿತು. ತರಗತಿಯಲ್ಲಿ 'ಗೊತ್ತಿಲ್ಲ ಸಾರ್' ಎಂದವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು. ವಿಭಕ್ತಿಯನ್ನು ಅಂದಾಜಿನಲ್ಲಿ ಊಹಿಸಿ ಏನನ್ನೋ ಗೊಣಗಿದವನು ಕುಳಿತುಕೊಳ್ಳುತ್ತಿದ್ದನು.

ಮರುದಿನದಿಂದ ಅಭ್ಯಾಸವನ್ನು ಬದಲಾಯಿಸಿದೆವು. 'ಮಾವ' ಎನ್ನತಕ್ಕದ್ದಲ್ಲ, 'ಕ್ಯಾಪ್ಟನ್' ಎನ್ನಬೇಕು. ಮೊದಲು ಸಂಗತಿ, ಆಮೇಲೆ ಕ್ರಿಯೆ, ಎರಡೇ ವಾಕ್ಯ. ನಾನು ಗದರಿಸುತ್ತಿದ್ದೆನು, ಹಂಗಿಸುತ್ತಿದ್ದೆನು, ಒಮ್ಮೊಮ್ಮೆ ಉತ್ತರಿಸದೆಯೇ ಕುಳಿತಿರುತ್ತಿದ್ದೆನು. ಮೌನಿಯಾದ ಕ್ಯಾಪ್ಟನ್ನನೇ ಅವನಿಗೆ ಅತ್ಯಂತ ಕಠಿನನಾದನು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಅವನು ನನ್ನ ಕಡೆ ತಿರುಗಿ, ಧ್ವನಿಯನ್ನು ಏರಿಸದೆ, "ಕ್ಯಾಪ್ಟನ್, ಎತ್ತರ ಹೆಚ್ಚಾಗಿದೆ. ಗೋ ಅರೌಂಡ್" ಎಂದನು. ನಾನು ಸುಮ್ಮನಿದ್ದೆನು. "ಚಾಲನೆ ನನ್ನ ಕೈಯಲ್ಲಿ" ಎಂದು ನನ್ನ ಕೈಯಲ್ಲಿದ್ದ ಊರುಗೋಲನ್ನು ಕಸಿದುಕೊಂಡನು. ತಂಗಿಯು "ಅಯ್ಯೋ, ಮಾವನ ಮೇಲೆ ಕೈ ಮಾಡುತ್ತೀಯಾ!" ಎಂದು ಓಡಿಬಂದಳು.

ಬಹುಶಃ ಆ ಬಾಗಿಲು ತೆರೆದ ಮೇಲೆಯೇ ಇನ್ನೊಂದೂ ತೆರೆಯಿತು. "ನೀವು ಮಾಡಿದ ಒಂದು ತಪ್ಪನ್ನು ಹೇಳಿ" ಎಂಬ ಪ್ರಶ್ನೆಗೆ, ಅತಿಯಾಗಿ ಶ್ರಮಪಡುವುದೇ ನನ್ನ ತಪ್ಪೆಂದು ಅವನು ಈವರೆಗೆ ಹೇಳುತ್ತಿದ್ದನು. ಆ ಸಂಜೆ ನಿಜವನ್ನು ಹೇಳಿದನು. ತರಬೇತಿಯಲ್ಲಿ ಒಂಟಿಯಾಗಿ ದೂರಯಾನ ಮಾಡಿದ ದಿನ, ಮುಸುಕಿನಲ್ಲಿ ಕೆಳಗೆ ಕಂಡ ಬೇರೊಂದು ರೈಲುಹಾದಿಯನ್ನೇ ತನ್ನದೆಂದು ನಂಬಿ ಹೋಗಿದ್ದನು. ಇಂಧನ ಸಾಕಷ್ಟಿದ್ದಿತು. ರೇಡಿಯೋದಲ್ಲಿ ತಾನೆಲ್ಲಿದ್ದೇನೆಂಬುದು ನಿಶ್ಚಯವಿಲ್ಲವೆಂದು ತಿಳಿಸಿ, ಅವರು ಹೇಳಿದ ದಿಕ್ಕಿನಲ್ಲಿ ಬಂದು ಕ್ಷೇಮವಾಗಿ ಇಳಿದನು. ಶಿಕ್ಷಕರು ಮರುದಿನ ಅದೇ ಯಾನವನ್ನು ಪುನಃ ಮಾಡಿಸಿದರು. ಹೋದ ವರ್ಷದ ಸಂದರ್ಶನದಲ್ಲಿ ಅವನ ಹಾರಾಟದ ಪುಸ್ತಕವನ್ನು ತಿರುವಿದವರು, "ಎರಡು ದಿನ ಒಂದೇ ದಾರಿ ಏಕೆ?" ಎಂದು ಕೇಳಿದರು. "ಹೆಚ್ಚಿನ ಅಭ್ಯಾಸಕ್ಕೆ" ಎಂದನು. "ಅಭ್ಯಾಸ ಬೇಕೆಂದವರು ಯಾರು?" ಎಂದರು. ಅವನಿಗೆ ಮಾತು ಹೊರಡಲಿಲ್ಲ. ಅವರು ಪುಸ್ತಕವನ್ನು ಮುಚ್ಚಿದರು.

ತಂಗಿಗೆ ಇದು ಹೊಸ ಸುದ್ದಿ. ಮಗನು ದಾರಿ ತಪ್ಪಿದ್ದನೆಂಬ ಭಯಕ್ಕಿಂತ ಅದನ್ನು ಸಭೆಯಲ್ಲಿ ಹೇಳಿಯಾನೆಂಬ ಭಯವೇ ಅವಳಿಗೆ ಹೆಚ್ಚಾಯಿತು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ತೋಟ ಬ್ಯಾಂಕಿನಲ್ಲಿದೆ ಅಣ್ಣ. ಕೇಳದಿದ್ದರೆ ಹೇಳುವುದು ಯಾಕೆ?" ಎಂದಳು. ಅವಳ ಮಾತನ್ನು ತಳ್ಳಿಹಾಕಲು ನನಗೆ ಸುಲಭವಾಗಲಿಲ್ಲ, ತೋಟವು ನನ್ನದಲ್ಲವಷ್ಟೆ. ಕೊನೆಗೆ ಹುಡುಗನೇ ನಿರ್ಧರಿಸಿದನು. "ಅಮ್ಮ, ದಾರಿ ತಪ್ಪಿದೆ ಅಂತ ರೇಡಿಯೋದಲ್ಲಿ ಹೇಳಿದ್ದಕ್ಕೇ ನಾನು ಬದುಕಿ ಬಂದೆ. ಅವರಿಗೆ ಹೇಳಲು ಯಾಕೆ ನಾಚಿಕೆ?"

ಸಂದರ್ಶನವು ಹದಿನೆಂಟು ನಿಮಿಷ ನಡೆಯಿತಂತೆ. ಪುಸ್ತಕದ ಅದೇ ಪುಟವು ಬಂದಿತು. ಅವನು ಇದ್ದುದನ್ನು ಹೇಳಿದನು. ಈಗ ಮುಸುಕಿನಲ್ಲಿ ಏನು ಮಾಡುತ್ತೀಯೆಂದು ಕೇಳಿದರು. ನೆಲದ ಗುರುತು ಕಾಣುವ ಮೊದಲೇ ಗಡಿಯಾರವನ್ನೂ ದಿಕ್ಕನ್ನೂ ನೋಡಿ, ಯಾವ ಗುರುತು ಎಷ್ಟು ಹೊತ್ತಿಗೆ ಕಾಣಬೇಕೆಂಬುದನ್ನು ಬರೆದಿಟ್ಟುಕೊಳ್ಳುತ್ತೇನೆ, ಕಂಡದ್ದಕ್ಕೆ ಲೆಕ್ಕವನ್ನು ಹೊಂದಿಸುವುದಿಲ್ಲ ಎಂದನು. ಬೆಂಗಳೂರಿನ ಏಪ್ರಿಲ್ ಬಿಸಿಲಿನ ಲೆಕ್ಕವನ್ನೂ ಕೇಳಿದರಂತೆ.

ಮೊನ್ನೆ ಮುಂದಿನ ಪರೀಕ್ಷೆಗೆ ಕರೆ ಬಂದಿದೆ. ಅದು ನೆಲದ ಮೇಲೆಯೇ ನಿಂತು ಹಾರುವ ಕೃತಕವಿಮಾನದಲ್ಲಿ ನಡೆಯತಕ್ಕದ್ದು. ಆದ್ದರಿಂದ ಪಡಸಾಲೆಯ ಎರಡು ಕುರ್ಚಿಗಳು ಇನ್ನೂ ಅಲ್ಲಿಯೇ ಇವೆ. ನಿನ್ನೆ ನಾನು ಸಾರಿಗೆ ಉಪ್ಪು ಕಡಿಮೆಯೆಂದು ಗೊಣಗಿದಾಗ, ಎಡಗಡೆಯ ಕುರ್ಚಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದ ನನ್ನ ಹೆಂಡತಿಯು "ಕ್ಯಾಪ್ಟನ್, ನಿಮಗೆ ರಕ್ತದೊತ್ತಡವಿದೆ. ಉಪ್ಪು ಬೇಡ" ಎಂದು ಉಪ್ಪಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.